ಮೇಲೊಂದು ಮಹಡಿಗೆ ಆರ್ಕಿಟೆಕ್ಟ್ ಬೇಕೇ, ಮೇಸ್ತ್ರಿ ಸಾಕೇ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು 30x40 ನಿವೇಶನ. 2004ರಲ್ಲಿ ಕಟ್ಟಿಸಿದ ಎಂಟು ಚದರದ ಮನೆ, ನೆಲಮಹಡಿ ಮಾತ್ರ. ಸೈಜುಗಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಕಾಲಂ ಇಲ್ಲ. ಮಗನ ಮದುವೆ ಗೊತ್ತಾಗಿದೆ. ಮೇಲೆ ಎರಡು ರೂಮು, ಒಂದು ಹಾಲ್, ಬಾತ್‌ರೂಮ್ ಕಟ್ಟಿ, ಮನೆ ಒಳಗಿನಿಂದಲೇ ಮೆಟ್ಟಿಲು ಕೊಡಬೇಕೆಂದಿದ್ದೇವೆ. ಈಗ ತಾರಸಿಗೆ ಹೊರಗಡೆ ಕಬ್ಬಿಣದ ಮೆಟ್ಟಿಲಿದೆ. ಹಿಂದುಗಡೆ ಅಡುಗೆಮನೆಯನ್ನು ನಾಲ್ಕಡಿ ಹಿಗ್ಗಿಸುವ ಆಸೆಯೂ ಇದೆ. ಮೇಸ್ತ್ರಿ ‘ಪಾಯ ಗಟ್ಟಿ ಇದೆ, ಪ್ಲಾನ್ ನಾನೇ ಹಾಕಿಸ್ತೀನಿ’ ಅಂತಾರೆ. ಅಳಿಯಂದಿರು ‘ಆರ್ಕಿಟೆಕ್ಟ್ ಇಲ್ಲದೆ ಕೈ ಹಾಕಬೇಡಿ’ ಅಂತಾರೆ. ಇಷ್ಟು ಸಣ್ಣ ಕೆಲಸಕ್ಕೆ ಆ ಫೀ ದಂಡವಲ್ಲವೇ?

ಉತ್ತರ: ನಿಮ್ಮ ಮನೆಗೆ ಎಲ್ಲರಿಗಿಂತ ಮೊದಲು ಬರಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡದ ಭಾರ, ಬಲದ ಲೆಕ್ಕ ಹಾಕುವವರು. ಅವರ ವಿಷಯದಲ್ಲಿ ಬೇಕೋ ಬೇಡವೋ ಎಂಬ ಯೋಚನೆಯೇ ಬೇಡ, ಕರೆಯಲೇಬೇಕು. ಆರ್ಕಿಟೆಕ್ಟ್ ವಿಚಾರ ಅವರ ವರದಿ ಕೈಗೆ ಬಂದ ಮೇಲೆ. ನೀವು ಒಳಮೆಟ್ಟಿಲು ಕೇಳುತ್ತಿರುವುದರಿಂದ ಆರ್ಕಿಟೆಕ್ಟ್ ಫೀ ದಂಡವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಳಮೆಟ್ಟಿಲಿನ ಆಸೆ ಬಿಟ್ಟು, ಕೆಳಗೆ ಎಲ್ಲೆಲ್ಲಿ ಗೋಡೆ ಇದೆಯೋ ಅಲ್ಲಲ್ಲೇ ಮೇಲೂ ಗೋಡೆ ಎಬ್ಬಿಸುತ್ತೀರಾದರೆ ಪ್ಲಾನಿಗೆ ಆರ್ಕಿಟೆಕ್ಟ್ ಬದಲು ಅನುಭವಿ ಸಿವಿಲ್ ಎಂಜಿನಿಯರ್ ಸಾಕು.

ಮೇಸ್ತ್ರಿಯ ಮಾತನ್ನೇ ಮೊದಲು ನೋಡೋಣ. ‘ಪಾಯ ಗಟ್ಟಿ ಇದೆ’ ಅನ್ನುವುದು ಮೈಸೂರಿನ ಕೆಂಪು ಗೊರಚು ಮಣ್ಣಿನಲ್ಲಿ ಬಹಳ ಸಲ ನಿಜವೂ ಹೌದು. ಆದರೆ ಎಷ್ಟು ಭಾರ ಹೊಸದಾಗಿ ಬರುತ್ತದೆ ಎಂದು ಲೆಕ್ಕ ಹಾಕದೆ ಹಾಗೆ ಹೇಳಲು ಬರುವುದಿಲ್ಲ. ಐದು ಇಂಚಿನ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಒಂದು ಚದರಡಿಗೆ ಸುಮಾರು 30 ಕೆಜಿ ತೂಗುತ್ತದೆ. ಮೇಲಿನ ಇಳಿಜಾರು ಗಾರೆ, ಓಡಾಡುವ ಜನ ಎಲ್ಲ ಸೇರಿಸಿ 60 ಕೆಜಿ ಅಂತಿಟ್ಟುಕೊಳ್ಳಿ. ಹನ್ನೊಂದು ಅಡಿ ಅಗಲದ ಎರಡು ರೂಮುಗಳ ನಡುವಿನ ಗೋಡೆಗೆ ಎರಡೂ ಕಡೆಯಿಂದ ಅರ್ಧರ್ಧ ಭಾರ ಬರುತ್ತದೆ; ಅಂದರೆ ಗೋಡೆಯ ಪ್ರತಿ ಅಡಿ ಉದ್ದಕ್ಕೆ 660 ಕೆಜಿ. ಹತ್ತಡಿ ಎತ್ತರದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎರಡೂ ಬದಿ ಗಾರೆ ಸೇರಿ ಅಡಿಗೆ 450 ಕೆಜಿ. ಎರಡೂ ಕೂಡಿದರೆ ಆ ಗೋಡೆಯ ಕೆಳಗಿನ ಪಾಯಕ್ಕೆ ಪ್ರತಿ ಅಡಿಗೂ ಒಂದು ಟನ್ನಿಗಿಂತ ಹೆಚ್ಚು ಹೊಸ ಭಾರ. ಪಾಯ ತಳದಲ್ಲಿ ಮೂರಡಿ ಅಗಲವಿದ್ದು ಗಟ್ಟಿ ಗೊರಚಿನ ಮೇಲೆ ಕೂತಿದ್ದರೆ ಇದನ್ನು ಆರಾಮಾಗಿ ಹೊರುತ್ತದೆ. ಎರಡೇ ಅಡಿ ಅಗಲವಿದ್ದರೆ, ಅಥವಾ ಹಳೇ ಕೆರೆ ಅಂಗಳದ ಮಣ್ಣು, ಎರೆಮಣ್ಣು, ಬಡಾವಣೆ ಮಾಡುವಾಗ ತುಂಬಿದ ಮಣ್ಣು ಇದ್ದರೆ ಹೊರದೇ ಹೋಗಬಹುದು. ಇಪ್ಪತ್ತು ವರ್ಷ ಬಿರುಕು ಬಿಡದೆ ನಿಂತಿದೆ ಎಂಬುದರಿಂದ ಈಗಿರುವ ಭಾರಕ್ಕೆ ಅದು ಸಾಕು ಎಂದಷ್ಟೇ ತಿಳಿಯುತ್ತದೆ.

ಆದ್ದರಿಂದ ಪಾಯವನ್ನು ಕಣ್ಣಾರೆ ನೋಡಬೇಕು. ಮನೆಯ ಎರಡು ಕಡೆ, ಒಂದು ಮೂಲೆಯಲ್ಲಿ ಮತ್ತು ಹೆಚ್ಚು ಭಾರ ಬೀಳುವ ಒಂದು ಗೋಡೆಯ ಪಕ್ಕ, ಮೂರಡಿ ಚೌಕದ ಗುಂಡಿ ತೆಗೆಸಿ. ಪಾಯದ ತಳ ಕಾಣುವವರೆಗೆ ಮಾತ್ರ ಅಗೆಯಬೇಕು, ತಳದ ಕೆಳಗಿನ ಮಣ್ಣನ್ನು ಕೆದಕಬಾರದು. ಒಂದು ಗುಂಡಿ ನೋಡಿ, ಅಳತೆ ತೆಗೆದು, ಪದರ ಪದರವಾಗಿ ಮಣ್ಣು ಹಾಕಿ ದಮ್ಮಸು ಮಾಡಿ ಮುಚ್ಚಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಎಂಜಿನಿಯರ್ ಅಲ್ಲಿ ನೋಡುವುದು ಪಾಯದ ಅಗಲ, ಆಳ, ಕಲ್ಲುಗಳ ನಡುವೆ ಗಾರೆ ನಿಜವಾಗಿ ತುಂಬಿದೆಯೇ ಅಥವಾ ಬರೀ ಚೂರು ಕಲ್ಲು ತುರುಕಿದ್ದಾರೆಯೇ, ಮತ್ತು ತಳದ ಮಣ್ಣು ಯಾವುದು ಎಂದು. ಒಂದು ದಿನದ ಕೂಲಿ ಕೆಲಸ ಇದು. ಲಕ್ಷಗಟ್ಟಲೆ ಸುರಿಯುವ ಮೊದಲು ಇಷ್ಟನ್ನೂ ಮಾಡಿಸದೆ ಬಿಡುವವರನ್ನು ಕಂಡರೆ ಸಂಕಟವಾಗುತ್ತದೆ.

ಆಮೇಲೆ ಈಗಿನ ಚಾವಣಿ. ಅದು ನಾಳೆ ಮೇಲಿನವರ ನೆಲ. ತಾರಸಿ ಎಂದು ಲೆಕ್ಕ ಹಾಕುವಾಗ ಓಡಾಟದ ಭಾರ ಚದರ ಮೀಟರಿಗೆ 150 ಕೆಜಿ ಹಿಡಿಯುತ್ತಾರೆ, ವಾಸದ ಕೋಣೆಗೆ 200. ಈ ವ್ಯತ್ಯಾಸ ದೊಡ್ಡದಲ್ಲ. ತಾರಸಿ ಮೇಲಿನ ಹಳೇ ಸುರಕಿ (ಇಟ್ಟಿಗೆ ಚೂರು, ಸುಣ್ಣದ ಗಾರೆ) ಪದರವನ್ನು ಕಿತ್ತು ತೆಗೆದರೆ ಅಷ್ಟು ಭಾರ ಅಲ್ಲೇ ಇಳಿಯುತ್ತದೆ. ಅಪಾಯ ಇರುವುದು ಒಳಗಿನ ಕಂಬಿಯಲ್ಲಿ. ಎಂಜಿನಿಯರ್ ಕವರ್ ಮೀಟರ್ ಹಿಡಿದು ಕಂಬಿ ಎಷ್ಟೆಷ್ಟು ಅಂತರದಲ್ಲಿದೆ ನೋಡುತ್ತಾರೆ, ಒಂದೆರಡು ಕಡೆ ಗಾರೆ ಒಡೆದು ದಪ್ಪ ಅಳೆಯುತ್ತಾರೆ, ರಿಬೌಂಡ್ ಹ್ಯಾಮರ್‌ನಿಂದ ಕಾಂಕ್ರೀಟಿನ ಗಡಸು ಅಂದಾಜು ಮಾಡುತ್ತಾರೆ. ಅನುಮಾನ ಬಂದರೆ ಕೋರ್, ಅಂದರೆ ಕಾಂಕ್ರೀಟಿನ ಉರುಳೆಯಾಕಾರದ ತುಂಡು, ಕೊರೆದು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅವರು ಬರುವ ಮೊದಲು ನೀವೂ ಒಂದು ಕೆಲಸ ಮಾಡಬಹುದು. ಬಾತ್‌ರೂಮ್ ಮತ್ತು ಅಡುಗೆಮನೆಯ ಚಾವಣಿಯ ತಳಭಾಗವನ್ನು ಕೋಲಿನಿಂದ ಮೆಲ್ಲಗೆ ಕುಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬರುವ ಕಡೆ, ಕಂದು ಕಲೆ ಕಾಣುವ ಕಡೆ, ಕಂಬಿಯ ಜಾಡಿನಲ್ಲೇ ನೇರ ಬಿರುಕು ಬಿದ್ದಿರುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಕಂಬಿ ತುಕ್ಕು ಹಿಡಿದು ಉಬ್ಬಿದಾಗ ಹೀಗಾಗುತ್ತದೆ. ಮೇಲೆ ಕಟ್ಟುವ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು, ಆಮೇಲೆ ತಾರಸಿಯೇ ಕೈಗೆ ಸಿಗುವುದಿಲ್ಲ.

ಇನ್ನು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಮೇಸ್ತ್ರಿ ಪ್ಲಾನನ್ನು ಕೈಗೆ ಕೊಟ್ಟಾಗ ಕೆಳಮಹಡಿಯ ಪ್ಲಾನಿನ ಮೇಲೆ ಅದನ್ನಿಟ್ಟು ಕಿಟಕಿ ಗಾಜಿಗೆ ಹಿಡಿದು ನೋಡಿ. ಮೇಲಿನ ಯಾವ ಗೋಡೆಯ ಕೆಳಗೆ ಗೋಡೆ ಇಲ್ಲ? ಸಾಮಾನ್ಯವಾಗಿ ಒಂದೋ ಎರಡೋ ಸಿಕ್ಕೇ ಸಿಗುತ್ತವೆ, ಏಕೆಂದರೆ ಕೆಳಗಿನ ಹಾಲಿನ ಮೇಲೆ ಎರಡು ಮಲಗುವ ಕೋಣೆ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಗಾರೆ ಸೇರಿ ಅಡಿಗೆ 250 ಕೆಜಿ. ಹನ್ನೆರಡು ಅಡಿ ಉದ್ದವಾದರೆ ಮೂರು ಟನ್. ಮೂರು ಸಣ್ಣ ಕಾರುಗಳನ್ನು ಒಂದೇ ಗೆರೆಯಲ್ಲಿ ಹಾಲಿನ ಚಾವಣಿ ಮೇಲೆ ನಿಲ್ಲಿಸಿದ ಹಾಗೆ. ಸ್ಲ್ಯಾಬ್ ಅಂದೇ ಬೀಳುವುದಿಲ್ಲ. ಒಂದೆರಡು ವರ್ಷದಲ್ಲಿ ನಡುವೆ ಜಗ್ಗುತ್ತದೆ, ಹೊಸ ಗೋಡೆ ಅಡ್ಡಡ್ಡ ಬಿರುಕು ಬಿಡುತ್ತದೆ, ಬಾಗಿಲು ಚೌಕಟ್ಟಿಗೆ ತಾಗುತ್ತದೆ, ಕೆಳಗೆ ಫ್ಯಾನಿನ ಸುತ್ತ ಸೀಳು ಕಾಣುತ್ತದೆ. ಅಂಥ ಕಡೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕ್) ಬಳಸಿದರೆ ಆರು ಇಂಚಿನ ಗೋಡೆಯೂ ಗಾರೆ ಸೇರಿ ಅಡಿಗೆ 135 ಕೆಜಿ ಆಸುಪಾಸಿಗೆ ಇಳಿಯುತ್ತದೆ. ನಾಲ್ಕಿಂಚಿನದಾದರೆ ಇನ್ನೂ ಕಡಿಮೆ. ಕೆಳಗೆ ಸ್ಟೀಲ್ ತೊಲೆ ಕೊಡುವ ದಾರಿಯೂ ಇದೆ. ಯಾವುದನ್ನು ಮಾಡಬೇಕು ಎಂಬುದು ಎಂಜಿನಿಯರ್ ತೀರ್ಮಾನ. ಆದರೆ ಮೇಲಿನ ಮೋಲ್ಡನ್ನು ಹೊರುವ ಗೋಡೆಗೆ ಹಗುರ ಎಂಬ ಒಂದೇ ಕಾರಣಕ್ಕೆ ತೆಳು ಎಎಸಿ ಬ್ಲಾಕ್ ಹಾಕಲು ಒಪ್ಪಬೇಡಿ.

ಗೋಡೆಯ ಮೇಲೇ ಗೋಡೆ ಬರುವಂತೆ ಇಟ್ಟುಕೊಂಡು, ಮನೆಯವರು ಕೇಳುವ ಕೋಣೆಗಳನ್ನೂ ಅದರೊಳಗೇ ಕೂರಿಸುವುದು ಒಂದು ವಿದ್ಯೆ. ಆರ್ಕಿಟೆಕ್ಟ್ ಐದು ವರ್ಷ ಕಲಿಯುವುದು ಇದನ್ನೇ. ಹೊರಗಿನ ಎಲಿವೇಶನ್ ಚೆಂದ ಮಾಡಲು ಆರ್ಕಿಟೆಕ್ಟ್ ಎಂದು ಅನೇಕರು ಭಾವಿಸಿದ್ದಾರೆ. ವಿಸ್ತರಣೆಯ ಕೆಲಸದಲ್ಲಿ ಅದು ಕೊನೆಯ ಮಾತು.

ನಿಮ್ಮ ಒಳಮೆಟ್ಟಿಲನ್ನೇ ತೆಗೆದುಕೊಳ್ಳಿ. ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ, ಅಂದರೆ 126 ಇಂಚು. ಏಳಿಂಚಿನ ಒಂದೊಂದು ಏರಾದರೆ 18 ಏರು. ಮಧ್ಯೆ ತಿರುವು ಕೊಟ್ಟು ಒಂಬತ್ತೊಂಬತ್ತು ಏರಿನ ಎರಡು ಸಾಲು ಮಾಡಿದರೆ ಒಂದು ಸಾಲಿಗೆ ಹತ್ತಿಂಚಿನ ಎಂಟು ತುಳಿ, 80 ಇಂಚು, ತಿರುವಿಗೆ ಮೂರಡಿ. ಒಟ್ಟು ಉದ್ದ ಒಂಬತ್ತಡಿ ಎಂಟಿಂಚು, ಅಗಲ ಆರೂವರೆ ಅಡಿ. ಸುಮಾರು 63 ಚದರಡಿ. ಮೆಟ್ಟಿಲಿನ ಬುಡಕ್ಕೆ ಬಂದು ತಿರುಗಿ ಹತ್ತಲು ಇನ್ನು ಮೂರಡಿ ಜಾಗ ಖಾಲಿ ಬೇಕು. ಎಂಟು ಚದರದ ಮನೆಯಲ್ಲಿ ಇದು ಎಲ್ಲಿಂದ ಬರುತ್ತದೆ? ಹಾಲಿನಿಂದ ತೆಗೆದರೆ ಹಾಲು ಓಣಿಯಾಗುತ್ತದೆ. ಮೇಸ್ತ್ರಿಗಳು ಆಗ ಏರನ್ನು ಎಂಟೂವರೆ, ತುಳಿಯನ್ನು ಎಂಟು ಇಂಚು ಮಾಡಿ ಜಾಗ ಉಳಿಸುತ್ತಾರೆ. ಎಪ್ಪತ್ತು ದಾಟಿದವರು ಆ ಮೆಟ್ಟಿಲು ಇಳಿಯುವಾಗ ಹಿಮ್ಮಡಿಗೆ ಜಾಗವೇ ಸಿಗುವುದಿಲ್ಲ.

ಜಾಗ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಗ ಸ್ಲ್ಯಾಬ್ ಕತ್ತರಿಸಬೇಕು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಆತಂಕ ತರುವ ಹಂತ ಇದು. ನಿಮ್ಮ ಚಾವಣಿ ಒಂದೊಂದು ರೂಮಿಗೆ ಒಂದೊಂದು ತುಂಡಲ್ಲ; ಗೋಡೆಗಳ ಮೇಲೆ ಹಾಯ್ದು ಒಂದೇ ಹಾಸಾಗಿ ಹೋಗಿದೆ. ಹಾಲಿನ ಮೇಲೆ ಕಿಂಡಿ ಕೊರೆದಾಗ ಅಲ್ಲಿಯ ಮುಖ್ಯ ಕಂಬಿ ತುಂಡಾಗುತ್ತದೆ. ಅಷ್ಟೇ ಅಲ್ಲ, ಪಕ್ಕದ ರೂಮಿನ ಸ್ಲ್ಯಾಬಿಗೆ ಗೋಡೆಯಾಚೆಯಿಂದ ಸಿಗುತ್ತಿದ್ದ ಹಿಡಿತವೂ ಹೋಗಿ ಅದರ ನಡುಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಕೊರೆದದ್ದು ಹಾಲಿನಲ್ಲಿ, ಬಿರುಕು ಕಾಣಿಸುವುದು ಪಕ್ಕದ ಮಲಗುವ ಕೋಣೆಯಲ್ಲಿ. ಹಾಗಾಗಿ ಕಿಂಡಿ ಎಲ್ಲಿ, ಎಷ್ಟು ಅಗಲ, ಸುತ್ತ ಯಾವ ತೊಲೆ ಎಂದು ಎಂಜಿನಿಯರ್ ನಕ್ಷೆಯಲ್ಲಿ ಬರೆದು ಕೊಡಬೇಕು. ಮೊದಲು ಕಿಂಡಿಯ ಸುತ್ತಲೂ ಮತ್ತು ಪಕ್ಕದ ರೂಮಿನಲ್ಲೂ ಸಪೋರ್ಟ್ ನಿಲ್ಲಿಸಬೇಕು. ಆಮೇಲೆ ಸ್ಟೀಲ್ ತೊಲೆಗಳನ್ನು ಕೂರಿಸಿ, ಸ್ಲ್ಯಾಬಿಗೂ ತೊಲೆಗೂ ನಡುವಿನ ಸಂದಿಯನ್ನು ಒಣಗಿದಾಗ ಕುಗ್ಗದ ಗ್ರೌಟ್‌ನಿಂದ (ಸಂದಿ ತುಂಬುವ ಸಿಮೆಂಟ್ ಮಿಶ್ರಣ) ಗಟ್ಟಿಯಾಗಿ ತುಂಬಬೇಕು. ಅದು ಗಟ್ಟಿಯಾದ ಮೇಲಷ್ಟೇ ಡೈಮಂಡ್ ಕಟರ್‌ನಿಂದ ಕೊಯ್ಯುವುದು. ಬ್ರೇಕರ್ ಹಾಕಿ ಕುಟ್ಟಿದರೆ ಅದರ ಅದುರಿಗೆ ಸುತ್ತಲ ಹಳೇ ಕಾಂಕ್ರೀಟು ಕಂಬಿಯಿಂದ ಬಿಡುತ್ತದೆ.

ಆರ್ಕಿಟೆಕ್ಟ್ ಇದ್ದರೆ ಬೇರೆ ದಾರಿಯನ್ನೂ ತೋರಿಸಿಯಾರು. ಬದಿಯ ಅಥವಾ ಮುಂದಿನ ಖಾಲಿ ಜಾಗದಲ್ಲಿ ನಿಯಮಕ್ಕೆ ಒಳಪಟ್ಟು ಮೆಟ್ಟಿಲಿನ ಪುಟ್ಟ ಗೂಡನ್ನು ಪ್ರತ್ಯೇಕ ಕಾಲಂಗಳ ಮೇಲೆ ಕಟ್ಟಿ, ಈಗಿರುವ ಒಂದು ಕಿಟಕಿಯನ್ನೇ ಬಾಗಿಲು ಮಾಡಿಕೊಂಡರೆ ಸ್ಲ್ಯಾಬನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಕಿಟಕಿಯ ಮೇಲೆ ಲಿಂಟಲ್ ಹೇಗೂ ಇರುತ್ತದೆ. ಕೆಳಗಿನ ಇಟ್ಟಿಗೆ ತೆಗೆದರಾಯಿತು. ಒಳಗಿಂದಲೇ ಹತ್ತಿದ ಹಾಗೂ ಆಗುತ್ತದೆ, ಹಾಲೂ ಉಳಿಯುತ್ತದೆ. ನಿಮ್ಮ ನಿವೇಶನದಲ್ಲಿ ಅಷ್ಟು ಜಾಗ ಉಳಿದಿದೆಯೇ ಎಂಬುದು ಅಳತೆ ತೆಗೆದಾಗಲೇ ಗೊತ್ತಾಗಬೇಕು.

ಬಾತ್‌ರೂಮನ್ನು ಕೆಳಗಿನ ಬಾತ್‌ರೂಮಿನ ನೇರಕ್ಕೇ ಇಡಿ. ಹಳೇ ಸ್ಲ್ಯಾಬನ್ನು ತಗ್ಗಿಸಲು ಬರುವುದಿಲ್ಲವಾದ್ದರಿಂದ ಮೇಸ್ತ್ರಿ ನೆಲವನ್ನು ಒಂದಡಿ ಎತ್ತರಿಸಿ ಇಟ್ಟಿಗೆ ಚೂರು ತುಂಬೋಣ ಎನ್ನುತ್ತಾರೆ. 5x8 ಅಡಿಯ ಬಾತ್‌ರೂಮಿಗೆ ಆ ತುಂಬುವಿಕೆಯೇ ಹತ್ತಿರ ಹತ್ತಿರ 1.8 ಟನ್. ಗೋಡೆಗೆ ಕೂರಿಸುವ ಕಮೋಡ್ ಹಾಕಿ ಕೊಳವೆಯನ್ನು ಹೊರಗೋಡೆಯಿಂದ ಇಳಿಸಿದರೆ ನೆಲವನ್ನು ನಾಲ್ಕಾರು ಇಂಚು ಎತ್ತರಿಸುವುದರಲ್ಲೇ ಮುಗಿಯುತ್ತದೆ. ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ಒಂದು ಟನ್; ಅದನ್ನು ಗೋಡೆಗಳು ಕೂಡುವ ಜಾಗದ ಮೇಲಿಡಬೇಕು.

ಅಡುಗೆಮನೆಯ ನಾಲ್ಕಡಿ ವಿಷಯಕ್ಕೆ ಬೇರೆಯೇ ಎರಡು ತೊಡಕುಗಳಿವೆ. ಹಳೇ ಮಂಜೂರಾತಿ ನಕ್ಷೆ ತೆಗೆದು ಹಿಂದುಗಡೆ ಎಷ್ಟು ಜಾಗ ಬಿಡಬೇಕೆಂದು ತೋರಿಸಿದೆ ನೋಡಿ. ಆ ನಾಲ್ಕಡಿ ಬಿಡಬೇಕಾದ ಜಾಗಕ್ಕೇ ಹೋಗುತ್ತದಾದರೆ ಆಸೆ ಅಲ್ಲಿಗೇ ಬಿಡಿ. ಅದೊಂದರಿಂದ ಮೇಲಿನ ಮಹಡಿಯ ಮಂಜೂರಾತಿಯೂ ಕಗ್ಗಂಟಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಕ್ಷೆ ಉಲ್ಲಂಘನೆಯ ಬಗ್ಗೆ ಕೊಟ್ಟ ತೀರ್ಪಿನಲ್ಲಿ ವಿದ್ಯುತ್, ನೀರಿನ ಸಂಪರ್ಕಕ್ಕೂ ಬ್ಯಾಂಕ್ ಸಾಲಕ್ಕೂ ಪೂರ್ಣಗೊಂಡ ಪ್ರಮಾಣಪತ್ರವನ್ನು ಗಂಟು ಹಾಕಿದೆ. ಮುಂದೆ ಮೇಲಿನ ಮನೆಗೆ ಬೇರೆ ಮೀಟರ್ ಕೇಳುವ ಯೋಚನೆ ಇದ್ದರೆ, ಅರ್ಜಿ ಹಾಕುವ ಹೊತ್ತಿಗೆ ರಾಜ್ಯದ ನಿಯಮ ಏನಿದೆ ಎಂದು ಮೊದಲೇ ವಿಚಾರಿಸಿ.

ಜಾಗ ಇದ್ದರೂ ಕಟ್ಟುವ ರೀತಿ ಮುಖ್ಯ. ಹಳೇ ಮನೆ ಕೂರಬೇಕಾದಷ್ಟು ಕೂತಾಗಿದೆ, ಹೊಸ ಪಾಯ ಇನ್ನು ಕೂರಬೇಕು. ಹಳೇ ಗೋಡೆಗೆ ತೂತು ಕೊರೆದು ಹೊಸ ಸ್ಲ್ಯಾಬನ್ನು ಸಿಕ್ಕಿಸಿದರೆ ಒಂದೆರಡು ಮಳೆಗಾಲದೊಳಗೆ ಅಲ್ಲೇ ಸೀಳಿ ನೀರು ಇಳಿಯುತ್ತದೆ. ಹೊಸ ಭಾಗಕ್ಕೆ ಅದರದೇ ಆಧಾರ ಕೊಟ್ಟು, ನಡುವೆ ಸುಮಾರು ಒಂದಿಂಚು ಸಂದು ಬಿಟ್ಟು, ಅದನ್ನು ಹಿಗ್ಗುವ ಸೀಲಂಟ್‌ನಿಂದ ಮುಚ್ಚಿ ಮೇಲೆ ತಗಡಿನ ಹೊದಿಕೆ ಕೊಡಬೇಕು. ಹಳೇ ಪಾಯಕ್ಕಿಂತ ಆಳಕ್ಕೆ ಅದರ ಪಕ್ಕದಲ್ಲೇ ಅಗೆಯಲೂಬಾರದು, ತಳದ ಮಣ್ಣು ಜಾರುತ್ತದೆ.

ಈಗ ಯಾರನ್ನು ಹಿಡಿಯುವುದು ಎಂಬ ಮಾತು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇದ್ದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ನೋಂದಣಿ ಸಂಖ್ಯೆ ‘ಸಿಎ’ ಎಂದು ಶುರುವಾಗಿ, ಇಸವಿ, ಆಮೇಲೆ ಕ್ರಮಸಂಖ್ಯೆ ಹೀಗಿರುತ್ತದೆ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿ, ನೋಂದಣಿ ಚಾಲ್ತಿಯಲ್ಲಿದೆಯೇ ನೋಡಬಹುದು. ಆದರೆ ಮನೆಯ ವಿನ್ಯಾಸ ಮಾಡುವುದನ್ನು ಕಾಯ್ದೆ ಅವರಿಗಷ್ಟೇ ಮೀಸಲಿಟ್ಟಿಲ್ಲ. ನಿಷೇಧ ಇರುವುದು ಬಿರುದಿನ ಬಳಕೆಗೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಸಿವಿಲ್ ಎಂಜಿನಿಯರ್ ಪ್ಲಾನ್ ಹಾಕಿದರೆ ಕಾನೂನಿನ ತೊಂದರೆ ಇಲ್ಲ. ಪಾಲಿಕೆ ಕಚೇರಿ ಎದುರಿನ ಅಂಗಡಿಯಲ್ಲಿ ಹಾಕಿಸುವ ಪ್ಲಾನ್ ಮಾತ್ರ ಬೇರೆ ಜಾತಿಯದು. ಅದು ಮಂಜೂರಾತಿಗೆ ಬೇಕಾದಷ್ಟೇ ಕಾಗದ. ಅದರಲ್ಲಿ ಕಂಬಿಯ ವಿವರ ಇರುವುದಿಲ್ಲ, ಮೆಟ್ಟಿಲಿನ ಅಳತೆ ಸರಿ ಇರುವುದಿಲ್ಲ, ನಿಮ್ಮ ಹಳೇ ಗೋಡೆಗಳನ್ನು ಯಾರೂ ಟೇಪ್ ಹಿಡಿದು ಅಳೆದಿರುವುದಿಲ್ಲ.

ಫೀ ಲೆಕ್ಕ ಹೀಗೆ ಹಾಕಿ. ಮೇಲೆ 800 ಚದರಡಿ, ಚದರಡಿಗೆ 2,000 ರೂಪಾಯಿ ಬೀಳುತ್ತದೆ ಅಂತ ಇಟ್ಟುಕೊಂಡರೆ 16 ಲಕ್ಷ. ಆರ್ಕಿಟೆಕ್ಟ್ ಶೇಕಡಾ 5 ಕೇಳಿದರೆ 80,000, ಜಿಎಸ್‌ಟಿ ನೋಂದಣಿ ಇದ್ದರೆ ಅದರ ಮೇಲೆ ಶೇಕಡಾ 18. ಹೊಸ ಮನೆಗಿಂತ ವಿಸ್ತರಣೆಗೆ ಹೆಚ್ಚು ಪ್ರಮಾಣ ಕೇಳಿದರೆ ಬೇಸರ ಬೇಡ. ಹಳೇ ಮನೆ ಅಳೆದು ನಕ್ಷೆ ಮಾಡುವುದೇ ಅರ್ಧ ಕೆಲಸ. ಇಡೀ ಫೀ ಹೊರೆ ಅನ್ನಿಸಿದರೆ ವಿನ್ಯಾಸಕ್ಕಷ್ಟೇ ಗೊತ್ತು ಮಾಡಿಕೊಳ್ಳಿ: ಈಗಿರುವ ಮನೆಯ ಅಳತೆ ನಕ್ಷೆ, ಎರಡು ಮೂರು ಬಗೆಯ ಪ್ಲಾನ್, ಒಪ್ಪಿಗೆಯಾದದ್ದಕ್ಕೆ ಮೆಟ್ಟಿಲು, ಬಾಗಿಲು ಕಿಟಕಿ, ಕೊಳವೆ, ವೈರಿಂಗ್ ಸಹಿತ ಕೆಲಸದ ನಕ್ಷೆಗಳು. ಉಸ್ತುವಾರಿ ಎಂಜಿನಿಯರ್‌ಗೆ ಬಿಡಿ. ನಿಮಗೆ ನಾನು ಸೂಚಿಸುವುದು ಇದನ್ನೇ. ಒಟ್ಟು ಖರ್ಚಿನ ಶೇಕಡಾವಾರಿಗಿಂತ ನಿಗದಿತ ಮೊತ್ತ ಮಾತಾಡಿದರೆ ನಡುವೆ ಸಿಮೆಂಟ್, ಕಬ್ಬಿಣದ ದರ ಏರಿದಾಗ ಫೀ ಏರುವುದಿಲ್ಲ.

ಮಾತುಕತೆಯನ್ನು ಒಂದು ಪುಟದಲ್ಲಾದರೂ ಬರೆದುಕೊಳ್ಳಿ. ಎಷ್ಟು ಸಲ ಪ್ಲಾನ್ ತಿದ್ದಿಕೊಡುತ್ತಾರೆ, ಸ್ಟ್ರಕ್ಚರಲ್ ಎಂಜಿನಿಯರ್ ಫೀ ಇದರಲ್ಲೇ ಸೇರಿದೆಯೇ, ಮಂಜೂರಾತಿ ಓಡಾಟ ಯಾರದು, ಸೈಟಿಗೆ ಎಷ್ಟು ಸಲ ಬರುತ್ತಾರೆ ಎಂಬುದು ಅದರಲ್ಲಿರಲಿ. ಆರ್ಕಿಟೆಕ್ಟ್ ಆಗಾಗ ಬಂದು ನೋಡುತ್ತಾರೆ, ದಿನವಿಡೀ ನಿಂತು ಕೆಲಸ ಮಾಡಿಸುವುದಿಲ್ಲ. ಇದನ್ನು ತಿಳಿಯದೆ ಆಮೇಲೆ ಜಗಳವಾಗುವುದುಂಟು. ಹಣವನ್ನು ಹಂತಹಂತವಾಗಿ ಕೊಡಿ, ಕೆಲಸದ ನಕ್ಷೆಗಳು ಪೂರ್ತಿ ಕೈಗೆ ಬರುವವರೆಗೆ ಕಾಲುಭಾಗವನ್ನಾದರೂ ಉಳಿಸಿಕೊಳ್ಳಿ.

ಮೇಸ್ತ್ರಿಯವರನ್ನು ಬಿಡಬೇಕಾಗಿಲ್ಲ. ನಕ್ಷೆ ಕೈಯಲ್ಲಿದ್ದರೆ ಒಳ್ಳೆಯ ಮೇಸ್ತ್ರಿ ಇನ್ನೂ ಒಳ್ಳೆಯ ಕೆಲಸ ಮಾಡುತ್ತಾರೆ, ಅವರಿಗೂ ನಿಮಗೂ ನಡುವೆ ಮಾತು ಬರುವುದು ಕಡಿಮೆಯಾಗುತ್ತದೆ. ಆದರೆ ಎಂಜಿನಿಯರ್ ಇಲ್ಲದೆ ಮುಂದೆ ಹೋಗಬಾರದ ಮೂರು ದಿನಗಳನ್ನು ಅವರಿಗೆ ಮೊದಲೇ ಹೇಳಿಡಿ. ಹಳೇ ಸ್ಲ್ಯಾಬಿಗೆ ಕಟರ್ ಇಡುವ ದಿನ. ಕಂಬಿ ಕಟ್ಟಿ ಮುಗಿದು ಮೋಲ್ಡ್ ಹಾಕುವ ಹಿಂದಿನ ದಿನ. ಸ್ಲ್ಯಾಬಿನ ಕಂಬಿ ಕೆಳಗೆ ಅದನ್ನು ಹಲಗೆಯಿಂದ ಎತ್ತಿ ಹಿಡಿಯುವ 20 ಮಿಮೀ ಕವರ್ ಬ್ಲಾಕ್ ಇದೆಯೇ ಎಂದು ಆಗಲೇ ನೋಡಬೇಕು, ಜಲ್ಲಿ ಚೂರು ನಡೆಯದು. ಕಾಂಕ್ರೀಟು ಎಂ-20 ದರ್ಜೆಯದು, ಅಂದರೆ ಸಿಮೆಂಟ್, ಮರಳು, ಜಲ್ಲಿ 1:1½:3 ಪ್ರಮಾಣದಲ್ಲಿ; ಒಂದು ಮೂಟೆ ಸಿಮೆಂಟಿಗೆ ಮರಳಿನ ತೇವವೂ ಸೇರಿ ನೀರು 30 ಲೀಟರ್ ಮೀರಬಾರದು. ಮೂರನೆಯದು ಸೆಂಟ್ರಿಂಗ್ ಬಿಚ್ಚುವ ದಿನ: ಹದಿನೈದು ಅಡಿಯೊಳಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14, ಇಪ್ಪತ್ತಡಿಯೊಳಗಿನ ತೊಲೆಯ ಕೆಳಗಿನ ಸಪೋರ್ಟಿಗೆ 14. ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ಬಲ ನಿಧಾನವಾಗಿ ಬರುವುದರಿಂದ ಇನ್ನೂ ಕೆಲವು ದಿನ ಬಿಡಿ, ಹತ್ತು ದಿನ ನೀರು ಕಟ್ಟಿ ನಿಲ್ಲಿಸಿ. ಆ ಹತ್ತು ದಿನ ಹಳೇ ಚಾವಣಿಯ ಮೇಲೆ ಇಟ್ಟಿಗೆ, ಮರಳನ್ನು ಒಂದೇ ಕಡೆ ರಾಶಿ ಹಾಕಲು ಬಿಡಬೇಡಿ. ತರುವುದನ್ನು ಗೋಡೆಯ ನೇರಕ್ಕೆ ಹರಡಿ ಇಡಿಸಿ.